ಏಳನೇ ನಂಬರಿನ ಸೀಲು

ಅಲ್ಲ ಮಾಮ, ನಾನು ಮಾತಾಡ್ತಾನೇ ಇದೀನಿ, ನೀವು ಹೊಲೀತಾನೇ ಇದೀರಿ! ಬಂದು ಹತ್ತು ನಿಮಿಷ ಆಯ್ತು. 'ಬಾ' ಅನ್ಲಿಲ್ಲ, 'ಕೂತ್ಕೋ' ಅನ್ಲಿಲ್ಲ. ನಾನೇ ಸ್ಟೂಲ್ ಎಳ್ಕೊಂಡು ಕೂತೆ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡ್ರೆ ಮಾತಾಡೋ ಕಷ್ಟ ತಪ್ಪುತ್ತೆ ಅಂತಾನಾ? ಚಿಕ್ಕಂದಿನಿಂದ ನೋಡಿದೀನಿ ನಿಮ್ಮನ್ನ. ಇಷ್ಟ ಇಲ್ಲದ ಗಿರಾಕಿ ಬಂದ್ರೆ ಸಾಕು, ಸೂಜಿ ಬಾಯಿಗೆ. ಈಗ ನಾನೂ ಆ ಸಾಲಿಗೆ ಸೇರಿದೆ ಅನ್ನಿ.

ಸ್ವಲ್ಪ ಆ ಮಷಿನ್ ನಿಲ್ಸಿ... ಪ್ಲೀಸ್... ಹಾಂ. ಥ್ಯಾಂಕ್ಸ್.

ನೋಡಿ, ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ. ನಿಮ್ಮನ್ನ ವಾಪಸ್ ಕರ್ಕೊಂಡು ಹೋಗೋಕೆ ಬಂದಿದೀನಿ. ಬೇರೆ ಯಾರನ್ನೂ ಕಳಿಸಲಿಲ್ಲ. ನಾನೇ, ಕಂಪನಿ ಕಟ್ಟಿದೋಳೇ, ಎಲ್ಲಾ ಮೀಟಿಂಗ್ ಬಿಟ್ಟು, ಬಸ್ಸಲ್ಲಿ ನಿಂತ್ಕೊಂಡು ಬಂದಿದೀನಿ. ಅದಕ್ಕಾದ್ರೂ ಒಂದು ಬೆಲೆ ಇಲ್ವಾ?

ಒಂಬತ್ತು ದಿನ! ನೀವು ಬಿಟ್ಟು ಬಂದ ಒಂಬತ್ತೇ ದಿನಕ್ಕೆ ನನ್ನ ಕಂಪನಿ ಏನಾಗಿದೆ ಗೊತ್ತಾ? ಹೊಲಿಗೆ ಸೆಕ್ಷನ್‌ನಲ್ಲಿ ಹನ್ನೊಂದು ಜನ ಇದಾರಲ್ಲ, ನೀವೇ ಕೈ ಹಿಡಿದು ಕಲಿಸಿದವರು... ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಾರೆ, ಟೈಮಿಗೆ ಸರಿಯಾಗಿ ಹೋಗ್ತಾರೆ. ಜಗಳ ಇಲ್ಲ, ಗಲಾಟೆ ಇಲ್ಲ. ಏನು ಹೇಳಿದ್ರೂ ಒಂದೇ ಮಾತು. 'ಬರೆದು ಕೊಡಿ ಮೇಡಂ.' ಪಟ್ಟಿ ಎರಡು ಇಂಚು ಉದ್ದ ಬೇಕಾ? 'ಬರೆದು ಕೊಡಿ.' ಅಂಚು ಮಡಚಿ ಹೊಲೀಬೇಕಾ? 'ಬರೆದು, ಸೈನ್ ಹಾಕಿ ಕೊಡಿ.' ನಿನ್ನೆ ಒಬ್ಳು ಮಷಿನ್ ಸೂಜಿ ಮುರೀತು ಅಂತ ಬಂದ್ಲು. ಹೊಸದು ಹಾಕ್ಕೊಳಮ್ಮ ಅಂದೆ. 'ಹಾಕ್ಕೋಬಹುದು ಅಂತ ಬರೆದು ಕೊಡಿ' ಅಂದ್ಲು! ಒಂದು ಸೂಜಿಗೆ ಮಾಮ! ಒಂದು ಸೂಜಿಗೆ ನನ್ನ ಸೈನು!... ನಗ್ತಿದೀರಾ? ಬಾಯಲ್ಲಿ ಸೂಜಿ ಇಟ್ಕೊಂಡು ನಗಬೇಡಿ, ನುಂಗಿಬಿಟ್ಟೀರಿ.

ಇನ್ನು ನಮ್ಮ ಕಿಡಿ. ಲೋಕದಲ್ಲಿ ಇಂಥ ವೆಲ್ಡರ್ ಇನ್ನೊಬ್ಬ ಇಲ್ಲ, ಒಪ್ಕೋತೀನಿ. ವೆಲ್ಡಿಂಗ್ ಮಾಡೋವಾಗ ಬಾಯಲ್ಲೂ ಕಿಡಿ ಹಾರಿಸ್ತಾನೆ ಅಂತ ತಾನೇ ನೀವು ಆ ಹೆಸರಿಟ್ಟಿದ್ದು? ಈಗ ನನ್ನ ಕಂಡ ತಕ್ಷಣ ಆ ಕಪ್ಪು ಗಾಜಿನ ಮುಖವಾಡ ಇಳಿಸಿಬಿಡ್ತಾನೆ. ವೆಲ್ಡಿಂಗ್ ಮಾಡ್ತಿದ್ರೆ ಸರಿ ಬಿಡಿ. ಟೀ ಕುಡೀತಾ ಇರ್ತಾನೆ! ಕೈಯಲ್ಲಿ ಲೋಟ, ಮುಖದ ಮೇಲೆ ಮುಖವಾಡ. ನಾನು ಆ ಕಡೆ ಹೋಗೋವರೆಗೂ ಹಾಗೇ ಕೂತಿರ್ತಾನೆ, ಟೀ ಆರಿದ್ರೂ ಸರಿ.

ನಾನೇನು ಕಡಿಮೆ ಮಾಡಿದೀನಿ ಹೇಳಿ? ಒಬ್ಬ ಒಳ್ಳೇ ಲೀಡರ್ ಏನೇನು ಮಾಡ್ಬೇಕೋ ಎಲ್ಲಾ ಮಾಡಿದೀನಿ. ಮೂರು ದಿನ ಆ ಟ್ರೈನಿಂಗ್‌ಗೆ ಹೋಗಿಬಂದೆ. 'ನಿಮ್ಮ ಬಾಗಿಲು ಯಾವಾಗಲೂ ತೆರೆದಿರಲಿ' ಅಂದ್ರು. ನಾನು ಕ್ಯಾಬಿನ್ ಬಾಗಿಲನ್ನೇ ಕೀಳಿಸಿ ಹಾಕ್ದೆ! ಏನಾಯ್ತು? ಬಾಗಿಲಿದ್ದಾಗಲೂ ಯಾರೂ ಬರ್ತಿರಲಿಲ್ಲ, ಈಗಲೂ ಬರಲ್ಲ. ಈಗ ನಾನು ಅಮ್ಮನ ಹತ್ರ ಫೋನಲ್ಲಿ ಅತ್ರೆ ಅರವತ್ನಾಲ್ಕು ಜನಕ್ಕೂ ಕೇಳುತ್ತೆ, ಅಷ್ಟೇ ಲಾಭ. 'ಎಲ್ಲರ ಜೊತೆ ಕೂತು ಊಟ ಮಾಡಿ' ಅಂದ್ರು. ಹೋಗಿ ಕೂತೆ. ಆ ಮೇಜಲ್ಲಿ ಇದ್ದವರೆಲ್ಲ ಐದೇ ನಿಮಿಷದಲ್ಲಿ ಊಟ ಮುಗಿಸಿ ಎದ್ರು. ಎಂಥ ಹಸಿವೋ ಆವತ್ತು! ಇನ್ನೊಂದು ಮಾತು ಹೇಳಿಕೊಟ್ರು ಅಲ್ಲಿ. ನನಗೆ ತುಂಬಾ ಹಿಡಿಸ್ತು. ದೊಡ್ಡದಾಗಿ ಪ್ರಿಂಟ್ ಮಾಡಿಸಿ ಗೋಡೆಗೆ ಹಾಕ್ಸಿದೀನಿ, ನೀವೂ ನೋಡಿದೀರಿ. 'ಗೆದ್ದಾಗ ತಂಡವನ್ನು ಮುಂದೆ ನಿಲ್ಲಿಸು, ಸೋತಾಗ ನೀನು ಮುಂದೆ ನಿಲ್ಲು.'

...ಯಾಕೆ? ಯಾಕೆ ಹಾಗೆ ನೋಡಿದ್ರಿ? ಏನೋ ಅನ್ನೋಕೆ ಹೋಗಿ ಮಾತು ನುಂಗಿದ್ರಿ. ಅಂದುಬಿಡಿ... ಬೇಡ ಬಿಡಿ.

ಆ ಟ್ರೈನಿಂಗಲ್ಲಿ ಪ್ರತಿಯೊಬ್ರೂ ತಮ್ಮ ಕಂಪನಿ ಹುಟ್ಟಿದ ಕತೆ ಹೇಳಬೇಕಿತ್ತು. ನಾನು ಯಾರ ಕತೆ ಹೇಳಿದೆ ಗೊತ್ತಾ? ನಿಮ್ಮದೇ. ಅಪ್ಪನಿಗೆ ಸ್ಟ್ರೋಕ್ ಆಗಿ ಒಂದು ಕಡೆ ಪೂರ್ತಿ ಬಿದ್ದುಹೋಗಿತ್ತಲ್ಲ, ಅಲ್ಲಿಂದ ಶುರು ಮಾಡ್ದೆ. ಎಂಬತ್ತು ಕೆಜಿ ಮನುಷ್ಯ. ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸೋಕೆ ಮನೇಲಿ ಇದ್ದದ್ದು ನಾನು, ಅಮ್ಮ. ಒಂದು ದಿನ ಅಮ್ಮನ ಸೊಂಟ ಉಳುಕಿ ಮೂರೂ ಜನ ನೆಲದ ಮೇಲೆ ಬಿದ್ವಿ. ಸದ್ದು ಕೇಳಿ ಇದೇ ಅಂಗಡಿಯಿಂದ ಮೆಟ್ಟಿಲು ಹತ್ಕೊಂಡು ಓಡಿ ಬಂದ್ರಿ ನೀವು, ಕುತ್ತಿಗೇಲಿ ಟೇಪು ಹಾಗೇ ನೇತಾಡ್ತಿತ್ತು. ಅಪ್ಪನ್ನ ಎತ್ತಿ ಕೂರಿಸಿದ್ರಿ. ಟೇಪ್ ತೆಗೆದು ಅಳತೆ ತಗೊಳ್ಳೋಕೆ ಶುರು ಮಾಡಿದ್ರಿ. ಬೆನ್ನು, ತೊಡೆ, ಭುಜ. ಅಪ್ಪ ತೊದಲ್ತಾ ಕೇಳಿದ್ರಲ್ಲ, 'ಸೂಟಾ?' ಅಂತ! ಅಳ್ತಾ ಇದ್ದ ಅಮ್ಮನಿಗೂ ನಗು ಬಂದುಬಿಡ್ತು.

ಮಾರನೇ ದಿನ ಹಳೇ ಟೆಂಟ್ ಬಟ್ಟೇಲಿ ಜೋಲಿ ಹೊಲ್ಕೊಂಡು ಬಂದ್ರಿ. ನಾನು ಓದಿದ ಇಂಜಿನಿಯರಿಂಗ್ ಆವತ್ತೇ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದದ್ದು. ಕಿಡಿಯ ಗ್ಯಾರೇಜಲ್ಲಿ ಕಬ್ಬಿಣದ ಕಂಬ, ಅದಕ್ಕೊಂದು ತೋಳು, ಕಾರೆತ್ತೋ ಜಾಕು. ಮನುಷ್ಯನ ಕೆಳಗೆ ಜೋಲಿ ಹಾಕಿ, ನಾಲ್ಕು ಪಟ್ಟಿ ಕೊಕ್ಕೆಗೆ ಸಿಕ್ಕಿಸಿ ಹಿಡಿ ಒತ್ತಿದ್ರೆ, ಆಳು ಮಗು ಥರ ಮೇಲೆದ್ದು ಬರ್ತಾನೆ. ಅಪ್ಪನ್ನ ಕೂರಿಸೋಕೆ ಹೋದೆ. ನೀವು ಅಡ್ಡ ನಿಂತ್ರಿ. 'ನಿಲ್ಲು ಪುಟ್ಟಿ. ಮೊದಲು ನಾನು.' ನೀವೇ ಜೋಲಿಯಲ್ಲಿ ಕೂತು, ಗಾಳೀಲಿ ತೂಗಾಡಿ, ಎರಡು ಸಲ ಕುಪ್ಪಳಿಸಿ... ಆಮೇಲೇ ಅಪ್ಪ.

ಈ ಕತೆಗೆ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೀತು ಮಾಮ. ಟ್ರೈನರ್ ಕೇಳಿದ್ರು, 'ಆ ಟೇಲರ್ ಈಗ ಎಲ್ಲಿದಾರೆ?' ಅಂತ. 'ನಮ್ಮ ಹೊಲಿಗೆ ವಿಭಾಗದ ಮುಖ್ಯಸ್ಥರು' ಅಂದೆ, ಎದೆ ಉಬ್ಬಿಸಿ. ಎರಡು ತಿಂಗಳ ಹಿಂದಿನ ಮಾತು ಇದು. ಈಗ ನೋಡಿ. ಮುಖ್ಯಸ್ಥರು ಮತ್ತೆ ಮೆಟ್ಟಿಲ ಕೆಳಗಿನ ಅಂಗಡೀಲಿ ಕೂತು ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲೀತಿದಾರೆ.

ನನಗೆ ಏನು ಸಿಟ್ಟು ಅಂದ್ರೆ... ನಿಮಗೆ ಅರ್ಥ ಆಗಲ್ಲ ಅಂತ ಅಲ್ಲ, ಅರ್ಥ ಮಾಡ್ಕೊಳ್ಳೋಕೆ ಇಷ್ಟ ಇಲ್ಲ ನಿಮಗೆ. ಮೂರು ಜನ ಇದ್ದಾಗ ಒಬ್ರನ್ನೊಬ್ರು ಕೂಗಿದ್ರೆ ಸಾಕಿತ್ತು. ಅರವತ್ನಾಲ್ಕು ಜನ ಆದ ಮೇಲೆ ಕೂಗಿದ್ರೆ ಕೇಳುತ್ತಾ? ಎಲ್ಲದಕ್ಕೂ ಒಂದು ಪದ್ಧತಿ ಬೇಕು, ಫಾರ್ಮ್ ಬೇಕು. ಅದಕ್ಕೇ ಸೀಲ್ ತಂದದ್ದು. ಪ್ರತಿ ಜೋಲಿಯ ಲೇಬಲ್ ಮೇಲೆ ಅದನ್ನ ಪರೀಕ್ಷೆ ಮಾಡಿದವರ ನಂಬರು. ನಿಮ್ಮದು ಏಳು. ನೀವು ಜೋಲಿಯಲ್ಲಿ ಕೂತು ಕುಪ್ಪಳಿಸೋದನ್ನೂ ಆಗಲೇ ನಿಲ್ಲಿಸ್ದೆ, ನಿಜ. ನೋಡೋಕೆ ಬಂದವರು ಏನಂತಾರೆ? ಅರವತ್ತು ದಾಟಿದ ಮನುಷ್ಯ ಫ್ಯಾಕ್ಟರಿ ಮಧ್ಯೆ ಜೋಕಾಲಿ ಆಡ್ತಿದಾರೆ ಅನ್ನಲ್ವಾ? ಮರಳು ಮೂಟೆ ತೂಗುಹಾಕಿ ನೋಡೋ ಏರ್ಪಾಡು ಮಾಡ್ದೆ. 'ಮರಳು ಮೂಟೆಗೆ ಭಯ ಆಗಲ್ಲ ಮೇಡಂ' ಅಂದ್ರಿ ನೀವು. ಹಾಂ... ಆವತ್ತೇ ಮೊದಲು ಮೇಡಂ ಅಂದದ್ದು. ನಾನು ಗಮನಿಸಿಲ್ಲ ಅಂದ್ಕೊಂಡ್ರಾ? ಗಮನಿಸ್ದೆ. ಬೇಡ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಯಾವುದೋ ಫೋನ್ ಬಂತು.

ಸರಿ. ಆ ದಾರದ ವಿಷಯಕ್ಕೇ ಬರೋಣ. ಅದಕ್ಕೆ ತಾನೇ ಈ ಮುನಿಸು?

ಮಾಮೂಲಿ ದಾರ ಕೊಡೋರು ತಡ ಮಾಡಿದ್ರು. ಹೊಸಬರ ಹತ್ರ ತರಿಸಿದ್ವಿ. ಅದರಲ್ಲಿ ನೂರ ಎಂಬತ್ತು ಜೋಲಿ ಹೊಲಿದದ್ದಾಯ್ತು. ಆಮೇಲೆ ನೀವು ನನ್ನ ಕ್ಯಾಬಿನ್‌ಗೆ ಬಂದ್ರಿ. ಬಂದು ಏನು ಹೇಳಿದ್ರಿ? 'ಈ ದಾರ ಬೇಡ.' ಮೂರು ಪದ! ಮೂರು ಪದದಲ್ಲಿ ನಾನೇನು ಅರ್ಥ ಮಾಡ್ಕೋಬೇಕು? ಒಂದು ಕಾಗದದಲ್ಲಿ ಬರೆದು, ಕಾರಣ ಹಾಕಿ, ಕೆಳಗೆ... ಏನು? ಕೈಯಲ್ಲಿ ಏನು ಎಳೆದು ತೋರಿಸ್ತಿದೀರಿ?

...ಹಾಂ. ಸರಿ. ತುಂಡೂ ತೋರಿಸಿದ್ರಿ. ಮನೇಲಿ ಹದಿನೈದು ಸಲ ಬಿಸಿನೀರಲ್ಲಿ ಒಗೆದಿದ್ರಿ ಅದನ್ನ. ನೀವೇ. ಎರಡು ಬೆರಳಲ್ಲಿ ಎಳೆದ್ರಿ, ಹೊಲಿಗೆ ಬಾಯಿ ಬಿಡ್ತು. ನನ್ನ ಮೇಜಿನ ಮೇಲೇ ಬಿಡ್ತು. ಆಯ್ತು, ಒಪ್ಕೋತೀನಿ! ಹೇಳಿದ್ರಿ. ನೋಡ್ದೆ. ಆದ್ರೆ ಅದೇ ಸೋಮವಾರ ಬಂಡವಾಳ ಹಾಕೋರು ಬರೋರಿದ್ರು ಮಾಮ! ಇಂಥ ದಿನ ಇಷ್ಟು ಜೋಲಿ ಕಳಿಸ್ತೀವಿ ಅಂತ ಮಾತು ಕೊಟ್ಟಾಗಿತ್ತು. ನೀವೋ, ಆ ನೂರ ಎಂಬತ್ತಕ್ಕೂ ಕೆಂಪು ಬಟ್ಟೆ ಪಟ್ಟಿ ಕಟ್ಟಿ, 'ಇವು ಹೊರಗೆ ಹೋಗೋ ಹಾಗಿಲ್ಲ' ಅಂತ ಒಟ್ಟಿ ಇಟ್ಟಿದ್ರಿ. ಫ್ಯಾಕ್ಟರಿ ಬಾಗಿಲು ತೆರೆದ್ರೆ ಎದುರಿಗೇ ಕೆಂಪು ಗುಡ್ಡೆ. ಅರವತ್ನಾಲ್ಕು ಮನೆ ನಂಬ್ಕೊಂಡಿರೋ ಕೆಲಸ. ಹದಿನೈದು ಸಲ ಒಗೆದ ಮೇಲೆ ತಾನೇ ಬಿಡೋದು, ಅಷ್ಟರೊಳಗೆ ಬೇರೆ ದಾರ ಬರುತ್ತೆ, ಬದಲಾಯಿಸಿ ಕೊಟ್ರಾಯ್ತು... ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅದು ಅಷ್ಟು ದೊಡ್ಡ ಪಾಪಾನಾ?

ಆ ಶನಿವಾರ ನೀವು ಕಣ್ಣು ತೋರಿಸೋಕೆ ಹೋಗಿದ್ರಿ. ಆವತ್ತು ಏನಾಯ್ತೋ... ಕೆಂಪು ಪಟ್ಟಿ ಬಿಚ್ಚಿದ್ರು ಯಾರೋ. ಸೀಲ್ ಬಿತ್ತು. ಲಾರಿ ಹೊರಟಿತು. ದೊಡ್ಡ ಕಂಪನಿ ಮಾಮ, ಹಾಗೆಲ್ಲ ಆಗುತ್ತೆ. ಎಲ್ಲಾ ಕಡೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯೋಕಾಗುತ್ತಾ?

ನೀರು ಇದೆಯಾ ಕುಡಿಯೋಕೆ?... ಇಲ್ಲ, ನೀವು ಏಳಬೇಡಿ. ನಾನೇ ತಗೋತೀನಿ.

ಇಪ್ಪತ್ತೆರಡನೇ ದಿನ ಫೋನ್ ಬಂತು. ರಿಟೈರ್ ಆದ ಪೋಸ್ಟ್‌ಮ್ಯಾನು, ಎಪ್ಪತ್ತಾರು ವರ್ಷ. ಊರೆಲ್ಲ ಸೈಕಲ್ ತುಳಿದ ಕಾಲಂತೆ, ಈಗ ಎರಡೂ ಸ್ವಾಧೀನ ಇಲ್ಲ. ಮಗಳು ಸ್ನಾನಕ್ಕೆ ಅಂತ ಎತ್ತಿದಾಳೆ. ಅರ್ಧಕ್ಕೆ ಬಂದಾಗ ಒಂದು ಪಟ್ಟಿ ಬಿಟ್ಕೊಂಡಿದೆ. ಸೊಂಟದ ಮೂಳೆ. ಅದೇ ದಿನ ಆಸ್ಪತ್ರೆಗೆ ಹೋಗಿದ್ದೆ ನಾನು, ಹೋಗಲಿಲ್ಲ ಅನ್ಬೇಡಿ. ಆ ಮಗಳು ಬೈಯಲಿಲ್ಲ ಮಾಮ. ಬೈದಿದ್ರೆ ಚೆನ್ನಾಗಿತ್ತು. 'ನಾನೇ ಕೊಕ್ಕೆ ಸರಿಯಾಗಿ ಸಿಕ್ಕಿಸ್ಲಿಲ್ವೇನೋ ಮೇಡಂ, ನನ್ನ ಕೈಯಾರೆ ಬೀಳಿಸಿಬಿಟ್ನಲ್ಲ' ಅಂತ ಒಂದೇ ಸಮ ಅಳ್ತಿದ್ಲು.

...ನಾನಾ? ನಾನೇನು ಹೇಳ್ಲಿ? 'ತನಿಖೆ ಮಾಡಿಸ್ತೀವಿ' ಅಂದೆ.

ನೋಡಿ, ಮತ್ತೆ ಮಷಿನ್ ಶುರು ಮಾಡಿದ್ರಿ. ಹೊಲೀರಿ, ಹೊಲೀರಿ. ಸದ್ದಲ್ಲೇ ಹೇಳ್ತೀನಿ.

ಸೋಮವಾರದ ಮೀಟಿಂಗಲ್ಲಿ ನಾನು ಏನು ತಪ್ಪು ಮಾತಾಡ್ದೆ? ಎಲ್ಲರೂ ಸೇರಿದ್ರು. ಹರಿದ ಜೋಲಿ ಮೇಜಿನ ಮೇಲಿತ್ತು. ಬಂಡವಾಳ ಹಾಕಿದೋರು ಸ್ಕ್ರೀನಲ್ಲಿ ಕೂತು ನೋಡ್ತಿದ್ರು. 'ದಾರದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಲೇಬಲ್ ಮೇಲೆ ಸೀಲ್ ನಂಬರ್ ಏಳು ಇದೆ. ಸೀಲ್ ಯಾರದೋ ಜವಾಬ್ದಾರಿ ಅವರದು' ಅಂದೆ. ಅಷ್ಟೇ. ನಿಮ್ಮ ಹೆಸರು ಎತ್ತಲಿಲ್ಲ ಮಾಮ! ಬೇಕಾದ್ರೆ ಯಾರನ್ನಾದ್ರೂ ಕೇಳಿ, ನನ್ನ ಬಾಯಿಂದ ನಿಮ್ಮ ಹೆಸರು ಬರಲಿಲ್ಲ... ಹೌದು, ಏಳು ಯಾರದು ಅಂತ ಎಲ್ಲರಿಗೂ ಗೊತ್ತು. ಗೊತ್ತಪ್ಪಾ, ಗೊತ್ತು!

ನೀವಾದ್ರೂ ಬಾಯಿ ಬಿಡಬಾರದಿತ್ತಾ? ಆ ಲೇಬಲ್ ಕೈಗೆ ತಗೊಂಡು ಎಷ್ಟು ಹೊತ್ತು ನೋಡಿದ್ರಿ! ಕನ್ನಡಕ ಮೇಲೆತ್ತಿ ನೋಡಿದ್ರಿ, ಇಳಿಸಿ ನೋಡಿದ್ರಿ. ಆಮೇಲೆ ನನ್ನ ಮುಖ ನೋಡಿದ್ರಿ. ಜೇಬಿಂದ ಸೀಲ್ ತೆಗೆದು ಮೇಜಿನ ಮೇಲಿಟ್ಟು ನಡೆದೇ ಬಿಟ್ರಿ. ಒಂದು ಮಾತಿಲ್ಲ, ಕತೆಯಿಲ್ಲ. ಕೂಗಾಡಿದ್ರೆ ನಾನೂ ಕೂಗಾಡ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಈಗ ನೋಡಿ, ನಾನು ಏನೋ ಮನೆಮುರುಕ ಕೆಲಸ ಮಾಡಿದ ಹಾಗೆ ಎಲ್ಲರ ಕಣ್ಣು ನನ್ನ ಮೇಲೆ. ಕಿಡಿಗೆ ಮುಖವಾಡ. ಆ ಹುಡುಗೀರಿಗೆ 'ಬರೆದು ಕೊಡಿ ಮೇಡಂ.' ಜೋಲಿ ಎಲ್ಲಾ ವಾಪಸ್ ತರಿಸ್ತಿದೀವಿ ಅಂದ್ರೂ ಒಬ್ಬರ ಮುಖದಲ್ಲೂ ನಗು ಇಲ್ಲ. ಇಷ್ಟಕ್ಕೂ ಕಾರಣ ಏನು? ನಿಮ್ಮ ಈ ಮೌನ!

ಇಗೋ, ತಂದಿದೀನಿ. ನಿಮ್ಮ ಸೀಲು. ತಗೊಳ್ಳಿ.

...ಮುಟ್ಟೋದೂ ಇಲ್ವಾ?

ಇಷ್ಟು ಹಠ ಒಳ್ಳೇದಲ್ಲ. ಒಂದು ರಬ್ಬರ್ ತುಂಡು ಇದು. ಇದನ್ನೇನು ಬೆಟ್ಟ ಅನ್ನೋ ಹಾಗೆ ನೋಡ್ತಿದೀರಿ? ಹಗುರ ಅಂದ್ಕೊಂಡ್ರೆ ಹಗುರ. ಆದ್ರೆ ನೂರ ಎಂಬತ್ತು ಸಲ ಒತ್ತಿ ನೋಡಿ, ಎರಡು ದಿನ ಅಂಗೈ ಮಡಚೋಕಾಗಲ್ಲ, ಅಷ್ಟು ನೋಯು...

...

ಅಂದ್ರೆ... ಯಾರು ಒತ್ತಿದ್ರೂ ನೋಯುತ್ತಲ್ವಾ, ಅದಕ್ಕೆ ಅಂದೆ... ಮಷಿನ್ ಯಾಕೆ ನಿಲ್ಸಿದ್ರಿ? ಈಗ ನಾನು ನಿಲ್ಸಿ ಅನ್ಲಿಲ್ಲ. ಹೊಲೀರಿ ನೀವು. ಆ ಪ್ಯಾಂಟು ಯಾರಿಗೋ ಸಂಜೆಗೆ ಬೇಕೋ ಏನೋ...

ಹಾಗೆ ನೋಡ್ಬೇಡಿ.

ಯಾರೂ ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡೆ. ಅಲ್ವಾ?

...ಒತ್ತಿದ್ದು ನಾನು. ನಾನೇ ಮಾಮ. ಶನಿವಾರ ಎಲ್ಲರನ್ನೂ ಬೇಗ ಮನೆಗೆ ಕಳಿಸಿ, ನಾನೇ ಕೂತು ಒಂದೊಂದೂ ಕೆಂಪು ಪಟ್ಟಿ ಬಿಚ್ಚಿದೆ. ಗಂಟು ಎಷ್ಟು ಬಿಗಿ ಹಾಕಿದ್ರಿ! ಎರಡು ಉಗುರು ಮುರೀತು. ನಿಮ್ಮ ಡ್ರಾಯರಿಂದ ಸೀಲ್ ತೆಗೆದೆ. ಸೀಲ್ ಇಲ್ಲದೆ ಲಾರಿಯವನು ತಗೊಳ್ಳಲ್ಲ ಅಂತ ನಾನೇ ಮಾಡಿದ ರೂಲು. ನನ್ನ ಸೀಲ್ ನಂಬರ್ ಒಂದು. ಅದು ನನ್ನ ಬ್ಯಾಗಲ್ಲೇ ಇತ್ತು. ಬ್ಯಾಗಲ್ಲೇ ಇತ್ತು ಮಾಮ... ಆದ್ರೂ ನಿಮ್ಮದನ್ನೇ ತಗೊಂಡೆ. ಯಾಕೆ ಅಂತ ಆವತ್ತು ನನ್ನನ್ನ ನಾನು ಕೇಳ್ಕೊಳ್ಳಲಿಲ್ಲ.

ನಿಮಗೆ ಆಶ್ಚರ್ಯಾನೇ ಆಗ್ತಿಲ್ಲ.

...ಗೊತ್ತಿತ್ತಾ? ಯಾವಾಗಿಂದ?... ಲೇಬಲ್! ಲೇಬಲ್ ನೋಡಿದ್ರಲ್ಲ ಅಷ್ಟು ಹೊತ್ತು... ಇಂಕು. ನಿಮ್ಮ ಪ್ಯಾಡು ಒಣಗಿತ್ತು ಅಂತ ನನ್ನ ಮೇಜಿಂದ ತಂದೆ, ಅದು ನೀಲಿ. ನೀವು ಯಾವತ್ತೂ ಕಪ್ಪು ಬಿಟ್ಟು ಬೇರೆ ಹಾಕಿಲ್ಲ. ಅಯ್ಯೋ ದೇವರೇ. ಎಲ್ಲರ ಮುಂದೆ ಅಲ್ಲೇ ಹೇಳಬಹುದಿತ್ತು. 'ಇದು ನನ್ನ ಇಂಕಲ್ಲ' ಅಂದಿದ್ರೆ ಸಾಕಿತ್ತು, ಮೂರೇ ಪದ. ಕಂಪನಿ ಅಲ್ಲಿಗೇ ಮುಗೀತಿತ್ತು. ನಾನೂ ಮುಗೀತಿದ್ದೆ. ಹೇಳಲಿಲ್ಲ. ನಾನೇ ಹೇಳ್ತೀನಿ ಅಂತ ಕಾದ್ರಾ? ಒಂಬತ್ತು ದಿನದಿಂದ ಇಲ್ಲಿ ಕೂತು ಪ್ಯಾಂಟ್ ಹೊಲೀತಾ ಅದಕ್ಕೇ ಕಾಯ್ತಿದ್ರಾ?

ಹೇಳ್ದೆ. ಈಗ ಹೇಳಿದ್ನಲ್ಲ. ಒಪ್ಕೊಂಡೆ. ಆಯ್ತಾ?

...ಸೂಜಿ ಎಲ್ಲಾ ತೆಗೆದು ಡಬ್ಬಿಗೆ ಹಾಕಿದ್ರಿ, ಈಗಲೂ ಮಾತಿಲ್ಲ. ಇನ್ನೇನು ಬೇಕು ನಿಮಗೆ? ಕಾಲಿಗೆ ಬೀಳ್ಲಾ? ಬೀಳ್ತೀನಿ... ಬೇಡ್ವಾ? ಮತ್ತೆ ಏನು? ಜೋಲಿ ಎಲ್ಲಾ ವಾಪಸ್ ತರಿಸ್ತಿದೀವಿ ಅಂತ ಆಗಲೇ ಹೇಳಿದ್ನಲ್ಲ...

ಎಲ್ಲಾ ಬಂತಾ ಅಂತಾನಾ? ಬಂದಿದೆ ಅಂದ್ರೆ... ಆಸ್ಪತ್ರೆಗೆ ಹೋದದ್ದು ಬಂದಿದೆ. ನಲವತ್ತು. ಅವರಿಗೆ 'ಬಣ್ಣ ಬದಲಾಯಿಸ್ತೀವಿ' ಅಂತ ಹೇಳಿ ತರಿಸ್ಕೊಂಡೆ.

...ನನಗೂ ಲೆಕ್ಕ ಬರುತ್ತೆ ಮಾಮ! ನೂರ ಎಂಬತ್ತರಲ್ಲಿ ನಲವತ್ತು ಹೋದ್ರೆ ನೂರ ನಲವತ್ತು. ಅದರಲ್ಲಿ ಒಂದು ಹರೀತು. ಉಳಿದದ್ದು ಮನೆಗಳಲ್ಲಿದೆ. ನೂರ ಮೂವತ್ತೊಂಬತ್ತು ಮನೆ. ಅವರಿಗೆ ಏನಂತ ಬರೀಲಿ? ಬರೆದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ತನಿಖೆ. ತನಿಖೆ ಆದ್ರೆ ಶನಿವಾರ ಬಾಗಿಲು ತೆಗೆದದ್ದು ಯಾರು, ಲಾರಿ ಕರೆಸಿದ್ದು ಯಾರು... ಅದಕ್ಕೇ ನಾನು... ಈ ಬ್ಯಾಗಲ್ಲಿ ಒಂದು ಪತ್ರ ಇದೆ. 'ನಮ್ಮ ಹೊಲಿಗೆ ವಿಭಾಗದಲ್ಲಾದ ತಪ್ಪಿಗೆ ವಿಷಾದಿಸುತ್ತೇವೆ' ಅಂತ. ಕೆಳಗೆ ನಿಮ್ಮ ಸೈನಿಗೆ ಜಾಗ ಬಿಟ್ಟಿದೀನಿ. ನೀವು ವಾಪಸ್ ಬಂದು ಸೈನ್ ಹಾಕಿದ್ರೆ ಎಲ್ಲಾ ಮನೆಗೂ ಕಳಿಸೋಣ ಅಂತ... ಅದಕ್ಕೇ ಬಂದದ್ದು. ಬಸ್ಸಲ್ಲಿ ನಿಂತ್ಕೊಂಡು ಬಂದದ್ದು ಇದಕ್ಕೇ.

ಬೇಡ, ಕೊಡಿ ಇಲ್ಲಿ. ಓದಬೇಡಿ ಅದನ್ನ.

...ಒಂದು ಮಾತು ಬೈದುಬಿಡಿ ಮಾಮ. ಪುಟ್ಟಿ ಅಂತ ಕರೆದು ಒಂದು ಏಟು ಹೊಡೀರಿ. ಹೀಗೆ ಸುಮ್ನೆ ಕೂತ್ರೆ ನನ್ನ ಮಾತೇ ನನಗೆ ಕೇಳಿಸ್ತಿದೆ. ಆ ಗೋಡೆ ಕಡೆ ಯಾಕೆ ನೋಡ್ತಿದೀರಿ? ಗಡಿಯಾರಾನಾ? ನಾಲ್ಕು ಗಂಟೆ. ನಾಲ್ಕು ಗಂಟೆ ಆದ್ರೆ ಏನೀಗ...

ನಾಲ್ಕು ಗಂಟೆ.

ಮಧ್ಯಾಹ್ನ ಮಲಗಿದವರನ್ನ ಎತ್ತಿ ಕೂರಿಸೋ ಹೊತ್ತು. ಅಪ್ಪನ್ನ ನಾನೂ ಅಮ್ಮನೂ ದಿನಾ ಇದೇ ಹೊತ್ತಿಗೆ... ಮಾಮ, ಈಗ ಆ ಮನೆಗಳಲ್ಲಿ... ಫೋನ್ ಎಲ್ಲಿ? ನನ್ನ ಫೋನ್ ಎಲ್ಲಿ ಇಟ್ಟೆ? ಇಲ್ಲೇ, ಬಟ್ಟೆ ಕೆಳಗೆ... ಹಾಂ.

ಹಲೋ, ಕಿಡಿ? ಕೇಳು. ಸ್ಟೋರ್‌ನಲ್ಲಿ ಮನೆಗಳಿಗೆ ಕಳಿಸಿದ ಜೋಲಿ ಲಿಸ್ಟ್ ಇದೆ. ಈಗಲೇ ತೆಗೆಸು. ಹೊಲಿಗೆಯವರು, ವೆಲ್ಡಿಂಗು, ಆಫೀಸು, ಎಲ್ಲರಿಗೂ ಎರಡು ಮೂರು ನಂಬರ್ ಹಂಚು. ಫೋನ್ ಮಾಡಿ ಹೇಳಿ, ಆ ಜೋಲಿಯಲ್ಲಿ ಯಾರನ್ನೂ ಎತ್ತಬೇಡಿ ಅಂತ. ಫೋನ್ ತೆಗೀದಿದ್ರೆ ಗಾಡಿ ತಗೊಂಡು ಮನೆಗೇ ಹೋಗಿ... ಬರೆದು ಕೊಡ್ಬೇಕಾ? ಕೊಡ್ತೀನಿ. ಮೊದಲು ಮಾಡಿ... ಇಲ್ಲ, ಇರು. ಇಡಬೇಡ. ಸ್ಪೀಕರ್ ಹಾಕು. ಎಲ್ಲರಿಗೂ ಕೇಳ್ಲಿ. ಹಾಕಿದ್ಯಾ?... ದಾರ ಕೆಟ್ಟದ್ದು ಅಂತ ಟೇಲರ್ ಮಾಮ ನನಗೆ ಮೊದಲೇ ಹೇಳಿದ್ರು. ತೋರಿಸಿಯೂ ಕೊಟ್ಟಿದ್ರು. ಅವರಿಲ್ಲದಾಗ ಅವರ ಸೀಲ್ ಒತ್ತಿ ಲಾರಿ ಹತ್ತಿಸಿದ್ದು ನಾನು. ಆಸ್ಪತ್ರೆಗೂ, ಬಂಡವಾಳ ಹಾಕಿದೋರಿಗೂ ನಾನೇ ಹೇಳ್ತೀನಿ. ಆ ಪೋಸ್ಟ್‌ಮ್ಯಾನ್ ಮಗಳ ಹತ್ರ ನಾನೇ ಹೋಗ್ತೀನಿ, ಇವತ್ತೇ. ಈಗ ಯಾರೂ ಏನೂ ಅನ್ಬೇಡಿ, ಆಮೇಲೆ ಅನ್ನಿ. ಮೊದಲು ಫೋನ್ ಮಾಡಿ!

...ನನ್ನ ಫೋನಲ್ಲೂ ಲಿಸ್ಟ್ ಇದೆ ಮಾಮ. ಕೊನೇ ಹತ್ತು ನಾನು ಮಾಡ್ತೀನಿ. ಹಾಂ, ಹೋಯ್ತು. ರಿಂಗ್ ಆಗ್ತಿದೆ. ತೆಗೀರಪ್ಪಾ... ತೆಗೀರಿ...

ಹಲೋ! ನಮಸ್ಕಾರ, ರೋಗಿಗಳನ್ನ ಎತ್ತೋ ಯಂತ್ರ ತಗೊಂಡಿದ್ರಲ್ಲ, ಆ ಕಂಪನಿಯಿಂದ. ನಿಮ್ಮ ತಾಯಿ ಈಗ ಎಲ್ಲಿದಾರೆ?... ಜೋಲಿಯಲ್ಲಾ? ಮೇಲಾ?... ಇಲ್ಲ ಇಲ್ಲ, ಗಾಬರಿ ಆಗ್ಬೇಡಿ. ಕುರ್ಚಿ ಕಡೆ ತಿರುಗಿಸ್ಬೇಡಿ. ಮಂಚದ ಮೇಲೇ ಇದಾರಾ? ಹಾಗೇ ಕೆಳಗೆ ಇಳಿಸಿ. ನಿಧಾನ. ಫೋನ್ ಪಕ್ಕಕ್ಕಿಡಿ, ಒಂದು ಕೈ ಅವರ ಬೆನ್ನ ಕೆಳಗಿರಲಿ. ನಾನು ಕಾಯ್ತೀನಿ. ಇಡಲ್ಲ.

...

...ಇಳಿಸ್ತಿದಾರೆ ಮಾಮ. ಸದ್ದು ಕೇಳ್ತಿದೆ.

...

ಹಾಂ, ಹೇಳಿ! ಇಳಿದ್ರಾ? ಮಲಗಿದ್ರಾ? ಸರಿಯಾಗಿದಾರಾ?... ಅಬ್ಬಾ... ಏನಿಲ್ಲ, ಏನಿಲ್ಲ, ನನ್ನ ದನಿ ಹೀಗೇ. ಆ ಜೋಲಿ ತೆಗೆದು ಬೇರೆ ಇಡಿ. ಅದರ ಹೊಲಿಗೆ ನಿಲ್ಲಲ್ಲ. ಇವತ್ತೇ ನಮ್ಮವರು ಬಂದು ಬೇರೆ ಕೊಡ್ತಾರೆ... ನೀವು ಜಾಸ್ತಿ ಒಗೆದದ್ದಕ್ಕಲ್ಲ. ನಿಮ್ಮ ತಪ್ಪು ಏನೂ ಇಲ್ಲ. ಹೊಲಿದವರ ತಪ್ಪೂ ಅಲ್ಲ, ಅವರು ಬೇಡ ಅಂತಲೇ ಹೇಳಿದ್ರು... ನಾನಾ? ಇಲ್ಲ, ಹೆಲ್ಪ್‌ಲೈನ್ ಅಲ್ಲ. ಕೆಟ್ಟಿದೆ ಅಂತ ಗೊತ್ತಿದ್ದೂ ಅದನ್ನ ನಿಮ್ಮ ಮನೆಗೆ ಕಳಿಸಿದವಳು ನಾನು.

...ಬೈಯಿರಿ. ಕೇಳ್ತಾ ಇದೀನಿ.